ನಾಯಿ ಕುಳಿತ ಜಾಗ

ಮಲಗಿದ ಕೂಸನ್ನು ಕಂಡರೆ ನಾನು ಮೊದಲು ಮುಖ ನೋಡುವುದಿಲ್ಲ, ಎದೆ ನೋಡುತ್ತೇನೆ. ಏರಿತೇ, ಇಳಿಯಿತೇ, ಮತ್ತೆ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ನನ್ನಷ್ಟಕ್ಕೆ ಎಣಿಸುತ್ತೇನೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ನೆರೆಯವರ ತೊಟ್ಟಿಲ ಮುಂದೆ, ಎಲ್ಲ ಕಡೆಯೂ ಹೀಗೆಯೇ. "ಯಾಕ್ರಿ ಅಕ್ಕೋರ, ಹಂಗ್ಯಾಕ ನೋಡಾಕತ್ತೀರಿ?" ಎಂದು ತಾಯಂದಿರು ಕೇಳಿದ್ದುಂಟು. "ಚಲೋ ನಿದ್ದಿ ಹತ್ತೇತಿ" ಎಂದು ಹೇಳಿ ಆಚೆ ಸರಿದಿದ್ದೇನೆ. ಖರೇ ಕಾರಣ ಹೇಳಬೇಕೆಂದರೆ ಹೊಳೆಆಲೂರಿನ ಸ್ಟೇಶನ್ನಿನಲ್ಲಿ ಕಳೆದ ಒಂದು ಮಧ್ಯಾಹ್ನವನ್ನೇ ಹೇಳಬೇಕು. ಅಲ್ಲಿ ಒಂದು ಕೂಸು ಸಾಯುತ್ತಿತ್ತು, ಮತ್ತು ಅದರ ಪಕ್ಕದಲ್ಲಿ ನಿಂತು ನಾನು ನಕ್ಕಿದ್ದೆ.

ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಎರಡೋ ಮೂರೋ ವರ್ಷ ಆಗಿರಬೇಕು. ಧಾರವಾಡದಲ್ಲಿ ಕಾಲೇಜು ಮುಗಿಸಿ ನರಗುಂದದಲ್ಲಿ ಹುಡುಗಿಯರಿಗೆ ವಿಜ್ಞಾನ ಕಲಿಸುತ್ತಿದ್ದೆ. ಅವ್ವ ಬಾಗಲಕೋಟೆಯಲ್ಲಿದ್ದಳು. ಎರಡು ವಾರಕ್ಕೊಮ್ಮೆ ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸಿನಲ್ಲಿ ಹೊಳೆಆಲೂರಿಗೆ ಬಂದು, ಅಲ್ಲಿಂದ ರೈಲು ಹಿಡಿಯುತ್ತಿದ್ದೆ. ಬಸ್ಸು ಬೇಗ ಬಂದ ದಿನ ರೈಲು ತಡ ಆಗುತ್ತಿತ್ತು. ಆ ಶನಿವಾರವೂ ಹಾಗೇ. ಬಾಗಲಕೋಟೆ ಕಡೆಯದೂ ತಡ, ಗದಗಿನ ಕಡೆಯದೂ ತಡ. ಹತ್ತಿ ಬಿಡಿಸುವ ದಿನಗಳಾದ್ದರಿಂದ ಪ್ಲಾಟ್‌ಫಾರ್ಮಿನ ತುಂಬ ಕೂಲಿಯ ಹೆಂಗಸರು ರೊಟ್ಟಿ ಗಂಟು ಬಗಲಲ್ಲಿಟ್ಟುಕೊಂಡು ಕುಳಿತಿದ್ದರು. ಬೇವಿನ ಗಿಡದ ನೆರಳಿನಲ್ಲಿ ಹೊಳೆಮಣ್ಣೂರಿನ ಒಬ್ಬ ಮುದುಕಿ, ಆಕೆಯ ಸೊಸೆ, ಮುದುಕಿಯ ತೊಡೆಯ ಮೇಲೆ ನಾಲ್ಕೈದು ತಿಂಗಳ ಗಂಡು ಕೂಸು. ಸವಡಿಯ ಹೊಲಗಳಿಗೆ ಹೊರಟವರು. ನಾನು ಹಾದುಹೋಗುವಾಗ ಸೊಸೆ ಸೆರಗು ಸರಿಪಡಿಸಿಕೊಂಡು ನಕ್ಕಳು. ಕೂಸು ನಿದ್ದೆಯಲ್ಲಿತ್ತು. ಎಷ್ಟು ಚಲೋ ಕೂಸು, ಇಷ್ಟು ಗದ್ದಲದಲ್ಲೂ ಏಳುವುದಿಲ್ಲ ಎಂದುಕೊಂಡೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಪೊಲೀಸರು ಆಗಲೇ ಬಂದಿದ್ದರು. ಒಬ್ಬ ಫೌಜದಾರರು, ಇಬ್ಬರು ಪೇದೆಗಳು, ಒಂದು ನಾಯಿ. ಕಿವಿ ನೆಟ್ಟಗಿದ್ದ, ತೋಳದಂಥ ದೊಡ್ಡ ನಾಯಿ. ಎಲ್ಲಿಯೋ ದೂರದಿಂದ ತರಿಸಿದ್ದು. ಕಳ್ಳರ ಹೆಜ್ಜೆಯ ಜಾಡು ಹಿಡಿಯಲು ಕಲಿತ ನಾಯಿಗೆ ಈಚೆಗೆ ಅಫೀಮು, ಅಂದರೆ ನಮ್ಮ ಜನರ ಅಫೂ, ಮತ್ತು ಗಾಂಜಾದ ವಾಸನೆಯನ್ನೂ ಕಲಿಸಿದ್ದಾರೆಂದು ಸ್ಟೇಶನ್ ಮಾಸ್ತರರು ಹೇಳಿದರು. ವಾಸನೆ ಸಿಕ್ಕರೆ ಅದು ಬೊಗಳುವುದಿಲ್ಲ, ಕಚ್ಚುವುದಿಲ್ಲ, ಆ ಮನುಷ್ಯನ ಮುಂದೆ ಸುಮ್ಮನೆ ಕುಳಿತುಬಿಡುತ್ತದಂತೆ. ಅದನ್ನು ಹಿಡಿದವನು ನಡುವಯಸ್ಸಿನ ಪೇದೆ, ಮಿತಭಾಷಿ. ನಾಯಿಗೆ ಮೊದಲು ನೀರು ಕುಡಿಸಿ, ಉಳಿದದ್ದನ್ನು ತಾನು ಕುಡಿದ.

ಜನಕ್ಕೆ ಅದೊಂದು ತಮಾಷೆ.

"ಏನಪಾ, ಇದಕ್ಕ ಪಗಾರ ಎಷ್ಟಂತ?" ಎಂದು ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ರೈತನೊಬ್ಬ ಕೇಳಿದ.

"ನಿನಕಿಂತ ಚಲೋ ಉಣ್ಣತೈತಿ. ಮಾರಿ ನೋಡಿದ್ರ ತಿಳಿಯೂದಿಲ್ಲೇನ?" ಎಂದ ಇನ್ನೊಬ್ಬ.

ಗಂಡಸರನ್ನು ಸಾಲಾಗಿ ನಿಲ್ಲಿಸಿದರು. ಸಾಲು ಎಂದರೆ ನೆಲದ ಮೇಲೆ ಕುಳಿತವರದು. ಬೆಂಚಿನ ಮೇಲೆ ಕುಳಿತಿದ್ದ ಹತ್ತಿ ವ್ಯಾಪಾರಿಯನ್ನು ಏಳಿಸಲಿಲ್ಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ತೊಗಲಿನ ಚೀಲ ಇಟ್ಟುಕೊಂಡು ಕುಳಿತಿದ್ದ ನನ್ನನ್ನೂ ಯಾರೂ ಏನೂ ಕೇಳಲಿಲ್ಲ. ಆಗ ಅದು ನನಗೆ ವಿಶೇಷ ಎನಿಸಲಿಲ್ಲ.

ನಾಯಿ ಸಾಲಿನ ಉದ್ದಕ್ಕೂ ಬಂದು ಒಬ್ಬ ನೇಕಾರನ ಮುಂದೆ ಕುಳಿತಿತು. ಗಜೇಂದ್ರಗಡದವನು, ಸಣಕಲ, ಸೀರೆಯ ಗಂಟು ಹೊತ್ತು ಊರೂರಿಗೆ ಮಾರುವವನು. ಆ ಸ್ಟೇಶನ್ನಿನಲ್ಲಿ ಅವನನ್ನು ನಾನು ಮೂರು ನಾಲ್ಕು ಸಲ ನೋಡಿದ್ದೆ.

"ಎಲ್ಲಿಂದ ಬಂದೀ?" ಫೌಜದಾರರಿಗೆ ನೆಗಡಿಯಾಗಿತ್ತು. ಮಾತಿಗೊಮ್ಮೆ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು.

"ಗಜೇಂದ್ರಗಡರಿ, ಸಾಹೇಬ್ರ."

"ಹಾಂ! ಆಚೀ ಸೀಮಿಗೆ ಬಾಗಲಾನ ಅದು." ನಮ್ಮ ಕಡೆ ಪಾನನಿಷೇಧವಿತ್ತು, ಮೊದಲು ನಿಜಾಮನ ಸೀಮೆಯಾಗಿದ್ದ ಆಚೆಯ ಊರುಗಳಲ್ಲಿ ಇರಲಿಲ್ಲ. ಆ ದಿಕ್ಕಿನಿಂದ ಬಂದವರೆಲ್ಲ ಏನನ್ನೋ ಬಚ್ಚಿಟ್ಟುಕೊಂಡೇ ಬರುತ್ತಾರೆಂದು ಪೊಲೀಸರ ನಂಬಿಕೆ. "ಕಣ್ಣ ನೋಡು, ಕೆಂಡ ಆಗ್ಯಾವು. ಬಿಚ್ಚು ಗಂಟ."

"ಮಗ್ಗದ ಕಣ್ಣರೀ ಇವು. ಸಣ್ಣ ಎಳಿ ನೋಡಿ ನೋಡಿ ಹಿಂಗಾಗ್ಯಾವು."

ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಜಾಡಿಸಿ ಎಸೆದರು. ಕೆಂಪು, ಹಸಿರು, ಕುಸುಬಿ ಬಣ್ಣದ ಸೀರೆಗಳು ಪ್ಲಾಟ್‌ಫಾರ್ಮಿನ ಧೂಳಿನಲ್ಲಿ ಬಿದ್ದವು. ಅಂಗಿ ತೆಗೆಸಿದರು, ರುಮಾಲು ಬಿಚ್ಚಿಸಿದರು. ಏನೂ ಇರಲಿಲ್ಲ.

"ನುಂಗ್ಯಾನ" ಎಂದರು ಫೌಜದಾರರು. ಇನ್ನೊಬ್ಬ ಪೇದೆ ನೇಕಾರನ ಕೆನ್ನೆಗೆ ಹೊಡೆದ.

ನಾನು ಎದ್ದು ನಿಂತೆ. ಧೈರ್ಯವಂತೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹೊಡೆತದ ಸದ್ದಿಗೆ ಕಾಲುಗಳು ತಾವೇ ಎದ್ದವು. ಆದರೆ ಅದಕ್ಕೂ ಮೊದಲು ನಾನೊಂದು ಸಂಗತಿಯನ್ನು ಕಂಡಿದ್ದೆ. ನಾಯಿ ಸಾಲಿಗೆ ಬರುವ ಮುಂಚೆಯೇ ಫೌಜದಾರರು ಗದ್ದವೆತ್ತಿ ನೇಕಾರನ ಕಡೆ ತೋರಿಸಿದ್ದರು. ನಾಯಿಯ ಪೇದೆ ಅದನ್ನು ನೋಡಿದ್ದ. ನೇಕಾರನ ಮುಂದೆ ಬಂದಾಗ ಅವನ ಹೆಜ್ಜೆ ನಿಧಾನವಾಯಿತು, ಹಗ್ಗ ಬಿಗಿಯಾಯಿತು. ನಾಯಿ ತಲೆ ಎತ್ತಿ ಅವನ ಮುಖ ನೋಡಿತು, ಆಮೇಲೆ ಕುಳಿತಿತು. ಅದು ನೇಕಾರನನ್ನು ಮೂಸಿಯೇ ಇರಲಿಲ್ಲ.

"ಸಾಹೇಬ್ರ, ನಾಯಿ ತನ್ನ ಹಿಡದವರ ಮಾರಿ ನೋಡಿ ಕುಂತೈತಿ ಅನಸತೈತಿ ನನಗ" ಎಂದೆ.

ಫೌಜದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಯಾರರೀ?"

"ನರಗುಂದದಾಗ ಸಾಲಿ ಕಲಸ್ತೀನ್ರಿ. ವಿಜ್ಞಾನ."

"ಹಂಗಾರ ನಿಮ್ಮ ವಿಜ್ಞಾನ ಸಾಲ್ಯಾಗ ಇರಲಿ. ಇದು ಸರಕಾರದ ನಾಯಿ."

"ನಾಯಿ ಖರೇ ಹೇಳಿದ್ರ ಎರಡನೇ ಸಲಾನೂ ಅದನ್ನ ಹೇಳಬೇಕಲ್ರಿ? ಇವ ಎಲ್ಲಿ ಕುಂತಾನಂತ ನಾಯಿ ಹಿಡದವರಿಗೆ ಗೊತ್ತಿಲ್ಲದಂಗ ಇನ್ನೊಮ್ಮೆ ತಿರಗಸ್ರಿ."

ಫೌಜದಾರರು ಒಪ್ಪುತ್ತಿರಲಿಲ್ಲವೇನೋ. ಆದರೆ ರೈಲು ಬರುವ ಸುಳಿವಿರಲಿಲ್ಲ, ಜನ ಸುತ್ತ ಕೂಡಿದ್ದರು. "ಅಕ್ಕೋರು ಹೇಳೂದು ಬರೋಬರಿ ಐತ್ರಿ, ಒಂದ ಕೈ ನೋಡೇಬಿಡ್ರಿ" ಎಂದು ಕಂಬಳಿಯ ರೈತ ಹಿಂದಿನಿಂದ ಕೂಗಿದ. ಸ್ಟೇಶನ್ ಮಾಸ್ತರರೂ ನಕ್ಕರು. ಫೌಜದಾರರ ಮುಖ ಕೆಂಪಾಯಿತು. "ಆಗಲಿ! ನಾಯಿ ಮತ್ತ ಅವನ ಮುಂದ ಕುಂತ್ರ ಅವನ ಸಂಗತೀಲೆ ನೀವೂ ಠಾಣೆಕ್ಕ ಬರಬೇಕು, ಸಾಕ್ಷಿಗೆ" ಎಂದರು.

ನಾಯಿಯ ಪೇದೆ ಬಾಯಿ ತೆರೆದದ್ದು ಆಗಲೇ. "ಸಾಹೇಬ್ರ, ನಾಯಿಗೆ ವಾಸನಿ ಕಲಸೂ ಡಬ್ಬಿ ಐತ್ರಿ ನನ್ನ ಹಂತ್ಯಾಕ. ಸ್ವಲ್ಪ ಅಫೂ ಐತಿ ಅದರಾಗ. ಅದನ್ನೂ ಯಾರದರ ಕಂಬಳಿ ಬುಡಕ ಇಟ್ರ ನಾಯಿ ಮೂಗ ಹ್ಯಾಂಗೈತಿ ಅನ್ನೂದೂ ತಿಳೀತೈತ್ರಿ."

"ಅದೇನ ಬ್ಯಾಡ ಬಿಡ್ರಿ" ಎಂದೆ ನಾನು. ನನಗೆ ನೇಕಾರ ಬಿಡುಗಡೆಯಾದರೆ ಸಾಕಿತ್ತು. ಜನರ ಮುಂದೆ ಗೆಲ್ಲುವ ಆಸೆಯೂ ಇರಲಿಲ್ಲ ಎಂದರೆ ಸುಳ್ಳಾದೀತು.

ಪೇದೆ ನೀರಿನ ಟಾಕಿಯ ಕಡೆ ಮುಖ ಮಾಡಿ ನಿಂತ. ಫೌಜದಾರರನ್ನು ಮಾಸ್ತರರ ಕೋಣೆಯೊಳಗೆ ಕೂರಿಸಿದೆವು. ಏಳು ಜನ ಗಂಡಸರನ್ನು ಜಾಗ ಬದಲಿಸಿ ಕೂರಿಸಿ, ತಲೆಯಿಂದ ಪಾದದವರೆಗೆ ಕಂಬಳಿ ಹೊದಿಸಿದೆ. ಕಂಬಳಿಯೊಳಗಿಂದ ಒಬ್ಬ, "ಅಕ್ಕೋರ, ಉಸರ ಆಡಲೇನ್ರಿ?" ಎಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಪೇದೆ ತಿರುಗಿ ಬಂದು ನಾಯಿಯನ್ನು ನಡೆಸಿದ. ನಾಯಿ ಏಳೂ ಕಂಬಳಿಗಳನ್ನು ಮೂಸಿತು. ನೇಕಾರ ಐದನೆಯವನು. ಅವನನ್ನು ದಾಟಿತು. ಕೊನೆಯವರೆಗೆ ಹೋಗಿ ಪೇದೆಯ ಮುಖ ನೋಡಿತು. ಅವನ ಮುಖದಲ್ಲಿ ಅದಕ್ಕೆ ಏನೂ ಸಿಗಲಿಲ್ಲ. ಎಲ್ಲಿಯೂ ಕುಳಿತುಕೊಳ್ಳಲಿಲ್ಲ.

ಸ್ಟೇಶನ್ನೇ ಹಾರಿಹೋಗುವಂತೆ ಚಪ್ಪಾಳೆ. ನೇಕಾರ ಕಂಬಳಿ ಸರಿಸಿ ಹೊರಗೆ ಬಂದು ನನಗೆ ಕೈಮುಗಿದ. ನನಗೆ ಆ ಗಳಿಗೆಯಲ್ಲಿ ಇಡೀ ಕಾಲೇಜು ಸಾರ್ಥಕವಾಯಿತು ಎನಿಸಿತು.

ಇನ್ನು ಮುಂದಿನದು.

ಪೇದೆ ನಾಯಿಯನ್ನು ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಹೊರಟಿದ್ದ. ಕೆಲಸ ಮುಗಿಯಿತೆಂದು ಹಗ್ಗ ಸಡಿಲ ಬಿಟ್ಟಿದ್ದ, ತಲೆ ಬಗ್ಗಿಸಿದ್ದ. ನಾಯಿ ಗಕ್ಕನೆ ಪಕ್ಕಕ್ಕೆ ಎಳೆಯಿತು. ಹೊಳೆಮಣ್ಣೂರಿನ ಮುದುಕಿಯ ಮುಂದೆ ಹೋಗಿ ಆಕೆಯ ಟೊಂಕದಲ್ಲಿದ್ದ ಎಲೆ ಅಡಿಕೆಯ ಚಂಚಿಯನ್ನು ಮೂಸಿತು, ತೊಡೆಯ ಮೇಲಿನ ಕೂಸಿನ ಬಾಯಿಯನ್ನು ಮೂಸಿತು. ಕುಳಿತಿತು.

ಮೊದಲು ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ನಗೆ ಎದ್ದಿತು.

"ಸಿಕ್ಕನಪಾ ಕಳ್ಳ! ಹಲ್ಲ ಸೈತ ಬಂದಿಲ್ಲ ಮಗಂಗ!"

"ಬೇಡಿ ಸಣ್ಣೂ ಅದಾವೇನ್ರಿ ಸಾಹೇಬ್ರ? ಇಲ್ಲಾಂದ್ರ ಬಳಿಗಾರನ್ನ ಕರೀರಿ!"

ನಾನೂ ನಕ್ಕೆ. ನಕ್ಕು, "ಹಾಲಿನ ವಾಸನಿಗೆ ಕುಂತೈತಿ ಅದು, ಅಂಜಬ್ಯಾಡ್ರಿ" ಎಂದು ಮುದುಕಿಗೆ ಹೇಳಿದೆ. ಎಲ್ಲರಿಗೂ ಕೇಳುವಂತೆ, ಪಾಠ ಹೇಳುವ ದನಿಯಲ್ಲಿ ಹೇಳಿದೆ. ಮುದುಕಿ ನಾಯಿಗೆ ಹೆದರಿ ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಯಾರೋ ನಾಯಿಯ ಕಡೆ ಹೆಂಟೆ ಎಸೆದರು. ನಾಯಿ ಏಳಲಿಲ್ಲ. ಪೇದೆ ಹಗ್ಗ ಎಳೆದ. ಆಗಲೂ ಏಳಲಿಲ್ಲ.

ಇದೆಲ್ಲ ಎಷ್ಟು ಹೊತ್ತು ನಡೆಯಿತು? ಐದು ನಿಮಿಷ ಇರಬಹುದು, ಹತ್ತೂ ಇರಬಹುದು. ಮಾಸ್ತರರ ಗಡಿಯಾರ ನನ್ನ ಹಿಂದೆಯೇ ಇತ್ತು, ನಾನು ತಿರುಗಿ ನೋಡಲಿಲ್ಲ. ಆ ನಿಮಿಷಗಳನ್ನು ಎಷ್ಟು ಸಲ ಅಳೆದಿದ್ದೇನೋ. ಒಮ್ಮೊಮ್ಮೆ ಮೂರಾಗುತ್ತವೆ, ಮೈ ಸರಿಯಿಲ್ಲದ ದಿನ ಹದಿನೈದಾಗುತ್ತವೆ.

ಪೇದೆ ನನ್ನ ಹತ್ತಿರ ಬಂದ. ಅವನು ನಗುತ್ತಿರಲಿಲ್ಲ. ಮೆಲ್ಲಗೆ ಹೇಳಿದ:

"ಅಕ್ಕೋರ, ಈ ಸಲ ನಾ ಆ ಕಡೆ ನೋಡಿದ್ದಿಲ್ಲರಿ. ನೆಲಾ ನೋಡಕೋತ ಹೊಂಟಿದ್ದೆ."

ಎರಡನೆಯ ಸಲ ಹೇಳಬೇಕಾಗಲಿಲ್ಲ. ನೇಕಾರನನ್ನು ಬಿಡಿಸಿದ ಪರೀಕ್ಷೆ ಯಾವುದೋ ಅದೇ ಪರೀಕ್ಷೆ ಇಲ್ಲಿ ತಾನಾಗಿಯೇ ನಡೆದಿತ್ತು. ಯಾರೂ ತೋರಿಸಿರಲಿಲ್ಲ, ಯಾರೂ ಬಯಸಿರಲಿಲ್ಲ, ಹಗ್ಗ ಸಡಿಲವಾಗಿತ್ತು. ನಾನು ಮುದುಕಿಯ ಮುಂದೆ ಮೊಣಕಾಲೂರಿ ಕೂಸಿನ ರೆಪ್ಪೆ ಎತ್ತಿದೆ. ಕಣ್ಣಿನ ನಡುವಿನ ಕಪ್ಪು ಸೂಜಿಯ ಮೊನೆಯಷ್ಟಾಗಿತ್ತು. ತುಟಿ ನೇರಳೆ ಹಣ್ಣು ತಿಂದಂತಿತ್ತು. ಎದೆ ಏರಿತು. ನಾನು ಕಾದೆ. ಎಷ್ಟು ಕಾದರೂ ಅದು ಮತ್ತೆ ಏರಲೊಲ್ಲದು.

"ಇದು ನಿದ್ದಿ ಅಲ್ಲ" ಎಂದೆ. "ಇದಕ್ಕ ಏನ ಕೊಟ್ಟೀರಿ ಯಮ್ಮಾ?"

"ಏನೂ ಇಲ್ಲವಾ. ಹಾಲ ಕುಡದ ಮಲಗೇತಿ."

ಅಷ್ಟರಲ್ಲಿ ಫೌಜದಾರರು ಕೋಣೆಯಿಂದ ಹೊರಗೆ ಬಂದಿದ್ದರು. ನಾಯಿ ಕುಳಿತದ್ದನ್ನು ಕಂಡು ಅವರ ಮುಖ ಅರಳಿತು. "ನೋಡ್ರಿ! ನೋಡ್ರಿ ಮಾಸ್ತರ! ನನ್ನ ನಾಯಿಗೆ ಮೂಗಿಲ್ಲ ಅಂದ್ರಲ್ಲ! ತಗೀ ಮುದುಕಿ ಆ ಚಂಚಿ. ಬರಿ ಪಂಚನಾಮಿ."

ಸೊಸೆ ನೀರು ತುಂಬಿಕೊಂಡು ಬಂದವಳು ತಂಬಿಗೆ ಕೆಳಗಿಟ್ಟು ನಿಂತುಬಿಟ್ಟಳು. ಅತ್ತೆ ಸೊಸೆ ಇಬ್ಬರದೂ ಒಂದೇ ಮಾತು. ನಾನು ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ. ಕೊಟ್ಟಿಲ್ಲ, ಗೊತ್ತಿಲ್ಲ. ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಫೌಜದಾರರ ಸೊಂಟದ ಪಟ್ಟಿಯ ಮೇಲಿತ್ತು. ಏನು, ಎಷ್ಟು, ಯಾವಾಗ ಕೊಟ್ಟರು ಎಂದು ತಿಳಿಯದಿದ್ದರೆ ಡಾಕ್ಟರರು ಬಂದೂ ಕೈಕಟ್ಟಿ ಕೂಡಬೇಕು. ಕೂಸಿನ ಎದೆ ಮತ್ತೊಮ್ಮೆ ಏರಿತು.

ಸ್ವಲ್ಪ ಹೊತ್ತಿನ ಹಿಂದೆ ಯಾರನ್ನು ಜನರ ಮುಂದೆ ಸೋಲಿಸಿದ್ದೆನೋ ಅವರ ಮುಂದೆ ಹೋಗಿ ನಿಂತೆ. "ಸಾಹೇಬ್ರ, ತಪ್ಪಾತು. ನಿಮ್ಮ ನಾಯಿ ಖರೇ ಐತಿ, ಎಲ್ಲಾರ ಮುಂದ ಒಪ್ಪಿಕೋತೀನಿ. ಆದ್ರ ನೀವು ಇಲ್ಲಿದ್ರ ಇವರು ಬಾಯಿ ಬಿಡೂದಿಲ್ಲ. ಬಾಯಿ ಬಿಡದಿದ್ರ ಕೂಸು ಉಳಿಯೂದಿಲ್ಲರಿ."

ಅವರು ಕೂಸಿನ ಕಡೆ ನೋಡಿದರು. ಪಂಚನಾಮೆಯ ಕಾಗದ ಇನ್ನೊಬ್ಬ ಪೇದೆಯ ಕೈಗೆ ಬಂದಿತ್ತು. ನೇಕಾರನ ಗಂಟಿನಲ್ಲಿ ಏನೂ ಸಿಗದೆ ಹೋದ ಮೇಲೆ ಅವರಿಗೆ ಈ ಒಂದು ಕೇಸು ಎಷ್ಟು ಬೇಕಾಗಿತ್ತೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಕರವಸ್ತ್ರ ತೆಗೆದು ಗಟ್ಟಿಯಾಗಿ ಮೂಗು ಒರೆಸಿಕೊಂಡರು. ಆಮೇಲೆ ತಿರುಗಿ ಪ್ಲಾಟ್‌ಫಾರ್ಮಿನ ಆ ತುದಿಯ ಕಡೆ ನಡೆಯುತ್ತ, ಹಿಂದೆ ತಿರುಗದೆಯೇ ಕೂಗಿದರು:

"ಏ, ನಾಯೀನ ಈ ಕಡೆ ತಗೊಂಡ ಬಾ. ಅದು ಅಲ್ಲಿ ಕುಂತದ್ದು ನಾ ನೋಡಿಲ್ಲ. ನೀ ನೋಡೀಯೇನು?"

"ಇಲ್ಲರಿ ಸಾಹೇಬ್ರ" ಎಂದ ಪೇದೆ.

ನಾಯಿ ಎದ್ದು ಹೋಯಿತು. ಸೊಸೆ ಒಮ್ಮೆಲೇ ಅಳತೊಡಗಿದಳು. "ಕೊಟ್ಟೀನ್ರಿ ಅಕ್ಕೋರ. ಇಲ್ಲಿಗೆ ಬಂದ ಮ್ಯಾಗ ಅಳಾಕ ಹತ್ತಿತು. ಸಾಸಿವಿ ಕಾಳಿನಷ್ಟ ಅಫೂ ಹಾಲಾಗ ತಿಕ್ಕಿ ನೆಕ್ಕಿಸೀನಿ. ದಿನಾ ಅಷ್ಟ ಕೊಡೂದರಿ."

ಮುದುಕಿ ಸೊಸೆಯ ಕಡೆ ತಿರುಗಿದಳು. "ನೀ ಕೊಟ್ಟೀ?"

"ಹೂನ್ರಿ ಅತ್ತಿ. ನಿಮ್ಮ ಚಂಚ್ಯಾಂದ ತಗೊಂಡ್ನೆಲ್ಲ, ನೀವು ಎಲಿ ಹಾಕೋವಾಗ."

"ಅಯ್ಯ ನನ ಶಿವನ! ಮನ್ಯಾಗ ಹೊಂಡೂ ಮುಂದ ನಾ ಕೊಟ್ಟಿದ್ನೆಲ್ಲೇ! ದಾರ್ಯಾಗ ಅಳಬಾರದಂತ ಸ್ವಲ್ಪ ಜಾಸ್ತೀನ ಕೊಟ್ಟಿದ್ನೆಲ್ಲೇ!"

ಇದು ಆ ಕಾಲದ ನಮ್ಮ ಕಡೆಯ ಎಷ್ಟೋ ಮನೆಗಳ ಮಾತು. ಹತ್ತಿ ಬಿಡಿಸಲು ಹೋಗುವ ತಾಯಿ ಕೂಸಿಗೆ ಸಾಸಿವೆಯಷ್ಟು ಅಫೀಮು ತಿಕ್ಕಿ ನೆಕ್ಕಿಸಿ, ಹೊಲದ ಬದುವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಅದನ್ನು ತಪ್ಪೆಂದು ಯಾರೂ ತಿಳಿದಿರಲಿಲ್ಲ, ಅವರ ತಾಯಂದಿರೂ ಹಾಗೆ ಮಾಡಿದ್ದರು. ದಿನಾ ಕೊಡುವ ಕೈ ಒಂದೇ ಆಗಿರುತ್ತಿತ್ತು. ಆ ದಿನ ಎರಡಾಗಿತ್ತು.

"ಡಾಕ್ಟರ ಮನಿ ಎಲ್ಲೈತ್ರಿ?" ಎಂದು ಯಾರೋ ಕೇಳಿದರು. ನೋಡಿದರೆ ನೇಕಾರ. ಅಂಗಿ ಇನ್ನೂ ಹಾಕಿಕೊಂಡಿರಲಿಲ್ಲ. ಮಾಸ್ತರರು ದವಾಖಾನೆಯ ದಾರಿ ತೋರಿಸುವ ಮೊದಲೇ ಓಡಿದ. ದಿನವಿಡೀ ಮಗ್ಗ ತುಳಿದ ಕಾಲುಗಳು. ಅಂಥ ಓಟವನ್ನು ನಾನು ಕಂಡಿಲ್ಲ.

ಧೂಳಿನಲ್ಲಿ ಬಿದ್ದಿದ್ದ ಅವನ ಸೀರೆಯೊಂದರ ಮೇಲೆ ಕೂಸನ್ನು ಮಲಗಿಸಿದೆವು. ನಾನು ಅಂಗಾಲಿಗೆ ಬೆರಳಿನಿಂದ ಬಡಿಯುತ್ತಿದ್ದೆ, ನಿದ್ದೆಗೆ ಬಿಡಬಾರದೆಂದು ಅಷ್ಟು ಗೊತ್ತಿತ್ತು. ಉಸಿರು ನಿಂತೇ ಹೋದಾಗ ಏನು ಮಾಡಬೇಕೆಂದು ನನ್ನ ಕಾಲೇಜು ಕಲಿಸಿರಲಿಲ್ಲ. ನಾನು "ಹೋತು" ಎಂದೆ. ಮುದುಕಿ ನನ್ನ ಭುಜ ಹಿಡಿದು ಸರಿಸಿದಳು. "ಸರಿ ಆಚೆ. ಹುಟ್ಟಿದ ಕೂಸು ಅಳದಿದ್ರ ನಾವು ಹಿಂಗ ಮಾಡತೀವಿ." ಕೂಸಿನ ಮೂಗು ಬಾಯಿ ಎರಡನ್ನೂ ತನ್ನ ಬಾಯಿಯೊಳಗೆ ತೆಗೆದುಕೊಂಡು ಮೆಲ್ಲಗೆ, ದೀಪ ಆರದಂತೆ ಊದುವ ಹಾಗೆ, ಊದಿದಳು. ಎದೆ ಏರಿತು. ಬಿಟ್ಟಳು, ಇಳಿಯಿತು. ಮತ್ತೆ ಊದಿದಳು. ಆಕೆಯ ಕಣ್ಣಿನಿಂದ ನೀರು ಇಳಿದು ಕೂಸಿನ ಹಣೆ ತೊಯ್ಯುತ್ತಿತ್ತು, ಊದುವುದು ಮಾತ್ರ ಒಂದು ಸಲವೂ ತಪ್ಪಲಿಲ್ಲ. ಸುತ್ತ ನಿಂತಿದ್ದ ಜನ ಆಕೆಯ ಜೊತೆ ಉಸಿರಾಡುತ್ತಿದ್ದರು. ರೈಲಿನ ಕೈಮರ ಯಾವಾಗ ಬಿದ್ದಿತೋ ತಿಳಿಯದು.

ಡಾಕ್ಟರರು ಸೈಕಲ್ಲಿನ ಮೇಲೆ, ನೇಕಾರ ಅವರ ಪೆಟ್ಟಿಗೆ ಹೊತ್ತು ಪಕ್ಕದಲ್ಲಿ ಓಡುತ್ತ ಬಂದರು. "ಎಷ್ಟು ಕೊಟ್ಟೀರಿ? ಯಾವಾಗ?" ಎಂದಷ್ಟೇ ಕೇಳಿದರು. ಈಗ ಇಬ್ಬರೂ ಹೇಳಿದರು. ಹೊಳೆ ಬಂದು ಬಾವಿಗಳೆಲ್ಲ ಕೆಟ್ಟ ವರ್ಷ ನೀರಿಗೆ ಹಾಕಲು ತರಿಸಿದ್ದ ಕೆಂಪು ಔಷಧ ಮಾಸ್ತರರ ಕಪಾಟಿನಲ್ಲಿ ಉಳಿದಿತ್ತು. ಅದರ ಒಂದೆರಡು ಹರಳನ್ನು ನೀರಿನಲ್ಲಿ ಕರಗಿಸಿ, ತಿಳಿಗೆಂಪು ಮಾಡಿ, ತೆಳ್ಳನೆಯ ರಬ್ಬರು ನಳಿಗೆಯಿಂದ ಹೊಟ್ಟೆಗೆ ಬಿಟ್ಟು, ಹೊರಗೆ ತೆಗೆದು, ಮತ್ತೆ ಬಿಟ್ಟರು. ಒಂದು ಸೂಜಿ ಚುಚ್ಚಿದರು. ನಡುನಡುವೆ ಮುದುಕಿಗೆ, "ಊದ ನೀ, ನಿಲ್ಲಸಬ್ಯಾಡ. ನನಕಿಂತ ಚಲೋ ಮಾಡಾಕತ್ತೀ" ಎನ್ನುತ್ತಿದ್ದರು. ಚಹಾದ ಅಂಗಡಿಯವನು ಕೇಳುವ ಮೊದಲೇ ಗಟ್ಟಿ ಡಿಕಾಕ್ಷನ್ ತಂದಿಟ್ಟ. ಅದರ ನಾಲ್ಕು ಚಮಚ ನಳಿಗೆಯೊಳಗೆ ಹೋಯಿತು.

ಬಾಗಲಕೋಟೆಯ ಗಾಡಿ ಬಂದಿತು, ನಿಂತಿತು, ಹೋಯಿತು. ಬೆಂಚಿನ ವ್ಯಾಪಾರಿ ಹತ್ತಿದ. ಉಳಿದವರಲ್ಲಿ ಬಹಳ ಜನ ಹತ್ತಲಿಲ್ಲ.

ಕೂಸು ಅತ್ತಾಗ ಅದನ್ನು ಅಳು ಎನ್ನುವಂತಿರಲಿಲ್ಲ. ಬಾಗಿಲ ಕೀಲು ಕಿರುಗುಟ್ಟಿದಂತೆ ಒಂದು ಸದ್ದು. ಡಾಕ್ಟರರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಮತ್ತೊಂದು ಸದ್ದು. ಆಮೇಲೆ, ಯಾರೋ ತನಗೆ ಮೋಸ ಮಾಡಿದ್ದಾರೆ ಎನ್ನುವ ಸಿಟ್ಟಿನಿಂದ, ಕೈಕಾಲು ಬಡಿದು ದೊಡ್ಡದಾಗಿ ಅತ್ತಿತು. ಸೊಸೆ ಅಲ್ಲೇ ಕುಸಿದು ಕುಳಿತಳು. ಕಂಬಳಿಯ ರೈತ ರುಮಾಲಿನಿಂದ ಕಣ್ಣು ಒರೆಸಿಕೊಂಡು, "ದನಿ ನೋಡಪಾ, ಫೌಜದಾರ ಆಗ್ತಾನಿವ" ಎಂದ. ದೂರದಲ್ಲಿ ನಿಂತಿದ್ದ ಫೌಜದಾರರು ಈ ಕಡೆ ತಿರುಗದೆ ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಮುದುಕಿ ಚಂಚಿಯಿಂದ ಅಫೀಮಿನ ಉಂಡೆ ತೆಗೆದು ಡಾಕ್ಟರರ ಕೈಗೆ ಹಾಕಿದಳು. ಅವರು ಅದನ್ನು ಚಹಾದ ಒಲೆಗೆ ಎಸೆದರು. ನೇಕಾರ ತನ್ನ ಸೀರೆಗಳನ್ನು ಜಾಡಿಸಿ ಮಡಚತೊಡಗಿದ. ಕೂಸು ಮಲಗಿದ್ದ ಸೀರೆಯ ಮೇಲೆ ಕೆಂಪು ನೀರು ಬಿದ್ದು ಕಂದು ಕಲೆಯಾಗಿತ್ತು. "ಇದು ಮಾರಾಕ ಬರೂದಿಲ್ಲ. ತಗೋ ತಂಗಿ, ಜೋಳಿಗಿ ಕಟ್ಟು" ಎಂದು ಸೊಸೆಯ ಮಡಿಲಿಗೆ ಹಾಕಿದ. ಅವನ ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಹೊಡೆದ ಪೇದೆ ಒಂದು ಲೋಟ ಚಹಾ ತಂದು ಅವನ ಮುಂದೆ ಹಿಡಿದ. ನೇಕಾರ ಸ್ವಲ್ಪ ಹೊತ್ತು ಅದನ್ನು ನೋಡಿ, ಕೊನೆಗೆ ತೆಗೆದುಕೊಂಡ.

ಹೊರಡುವಾಗ ನಾಯಿಯ ಪೇದೆಯನ್ನು ಹುಡುಕಿಕೊಂಡು ಹೋದೆ. "ನಿಮ್ಮ ಡಬ್ಬೀನ ನಾ ಬ್ಯಾಡ ಅಂದೆ. ಇಟ್ಟಿದ್ರ ನಾಯಿ ಮೂಗ ಖರೇ ಐತಿ ಅಂತ ಆಗಲೇ ಎಲ್ಲಾರಿಗೂ ತಿಳೀತಿತ್ತು. ಯಾರೂ ನಗತಿದ್ದಿಲ್ಲ" ಎಂದೆ. ಅವನು ನಾಯಿಯ ಕಿವಿಯ ಹಿಂದೆ ಕೆರೆದ. "ನೀವು ಅರ್ಧಾ ಪರೀಕ್ಷಾ ಮಾಡಿದ್ರಿ ಅಕ್ಕೋರ. ನಾವು ಇಷ್ಟ ದಿನಾ ಅದನ್ನೂ ಮಾಡಿದ್ದಿಲ್ಲ" ಎಂದ. ಅವನು ನನಗೆ ಸಮಾಧಾನವಾಗಲೆಂದು ಹೇಳಿದನೋ, ಇದ್ದದ್ದನ್ನೇ ಹೇಳಿದನೋ ತಿಳಿಯಲಿಲ್ಲ.

ಮರುವರ್ಷ ಹತ್ತಿಯ ದಿನಗಳಲ್ಲಿ ಅದೇ ಸ್ಟೇಶನ್ನಿನಲ್ಲಿ ಮತ್ತೆ ಆ ಪೇದೆ, ಆ ನಾಯಿ. ಫೌಜದಾರರಿಗೆ ವರ್ಗವಾಗಿತ್ತು. ಕೆಲಸದ ರೀತಿ ಬದಲಾಗಿತ್ತು. ಪೇದೆ ಟಾಕಿಯ ಕಡೆ ಮುಖ ಮಾಡಿ ನಿಂತ, ಮಾಸ್ತರರು ಡಬ್ಬಿಯನ್ನು ತಮಗೆ ಬೇಕಾದ ಕಡೆ ಬಚ್ಚಿಟ್ಟರು, ನಾಯಿ ಮೊದಲು ಅದನ್ನು ಹುಡುಕಿ ತನ್ನ ಮೂಗನ್ನು ಸಾಬೀತು ಮಾಡಬೇಕು. ಆಮೇಲೆ ಉಳಿದವರ ಸರದಿ. ಅದನ್ನು ಹಾಕಿಕೊಟ್ಟದ್ದು ಆ ಫೌಜದಾರರೇ ಅಂತೆ. ನಾಯಿ ಕುಳಿತರೂ ಏನಾದರೂ ಕೈಗೆ ಸಿಗುವ ತನಕ ಯಾರ ಮೈಮೇಲೂ ಕೈ ಮಾಡಬಾರದೆಂದೂ ಹೇಳಿ ಹೋಗಿದ್ದರಂತೆ.

"ಅಕ್ಕೋರ, ಚೀಲ ಕೆಳಗ ಇಡ್ರಿ. ಈಗ ಬೆಂಚಿನವರಿಗೂ ಬಿಡೂದಿಲ್ಲ" ಎಂದ ಪೇದೆ. ಇಟ್ಟೆ. ನಾಯಿ ನನ್ನ ಚೀಲ ಮೂಸಿ, ಅವ್ವನಿಗೆ ಒಯ್ಯುತ್ತಿದ್ದ ಕರದಂಟಿನ ಹತ್ತಿರ ಒಂದು ಗಳಿಗೆ ಆಸೆಯಿಂದ ನಿಂತು, ಕುಳಿತುಕೊಳ್ಳದೆ ಮುಂದೆ ಹೋಯಿತು. ಅದು ಮುಂದೆ ಹೋಗುವವರೆಗೆ ಚೀಲದಲ್ಲಿ ಏನೇನಿದೆ ಎಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸುತ್ತಿದ್ದೆ. ಸಾಲಿನಲ್ಲಿ ನಿಂತವರಿಗೆ ಹೇಗಾಗುತ್ತದೆ ಎನ್ನುವುದು ನನಗೆ ತಿಳಿದದ್ದು ಆಗ.

ಅವರೂ ಬಂದಿದ್ದರು. ಬೇವಿನ ಗಿಡದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿತ್ತು, ಕಂದು ಕಲೆಗಳು ಹಾಗೇ ಇದ್ದವು. ಜೋಳಿಗೆ ಖಾಲಿ. ಕೂಸು ನೆಲದ ಮೇಲೆ ಪುಟ್ಟ ಹೆಜ್ಜೆ ಇಟ್ಟು ಓಡುತ್ತಿತ್ತು, ಹಳಿಯ ಕಡೆ ಹೋಗಬಾರದೆಂದು ಸೊಂಟಕ್ಕೆ ಹಳೆಯ ಧೋತರದ ತುಂಡು ಕಟ್ಟಿ ಇನ್ನೊಂದು ತುದಿಯನ್ನು ಮುದುಕಿ ಕೈಗೆ ಸುತ್ತಿಕೊಂಡಿದ್ದಳು. ಹಗ್ಗ ಎಳೆದಾಗಲೆಲ್ಲ ಕೂಸು ಇಡೀ ಸ್ಟೇಶನ್ನಿಗೆ ಕೇಳುವಂತೆ ಕಿರಚುತ್ತಿತ್ತು.

"ಈಗ ಹತ್ತಿ ಬಿಡಸೂ ಮುಂದ ಏನ ಮಾಡ್ತೀರಿ?" ಎಂದು ಕೇಳಿದೆ.

"ನಾ ಬಿಡಸೂದಿಲ್ಲವಾ" ಎಂದಳು ಮುದುಕಿ. "ಊರಾನ ಆರು ಮಂದಿ ಬಾಣಂತ್ಯಾರ ಕೂಸು ನನ್ನ ಮುಂದನ. ಗಿಡದ ಬುಡಕ ಕುಂತ ಕಾಯ್ತೀನಿ. ಒಬ್ಬೊಬ್ಬಾಕಿ ಸಂಜಿಗೆ ತನ್ನ ಉಡ್ಯಾಗಿಂದ ಎರಡೆರಡ ಬೊಗಸಿ ಹತ್ತಿ ನನ್ನ ಪಾಲಿಗೆ ಹಾಕ್ತಾಳ."

"ಅಳೂದಿಲ್ಲೇನ ಆರೂ ಕೂಡಿ?"

"ಅಳೂದಿಲ್ಲೇನ ಅಂತ ಕೇಳತಿಯಲ್ಲ! ತಲಿ ಒಡದ ಹೋಗತೈತಿ. ಒಂದು ಸುಮ್ಮಾದ್ರ ಇನ್ನೊಂದು. ಒಮ್ಮೊಮ್ಮೆ ಆರಕ್ಕ ಆರೂ." ಬೈಯುತ್ತ ಬೈಯುತ್ತ ಆಕೆ ಮೊಮ್ಮಗನನ್ನು ಹಗ್ಗದಿಂದ ಹತ್ತಿರಕ್ಕೆ ಎಳೆದುಕೊಂಡಳು. "ಸುಮ್ಮಾದ ಕೂಸಿನ ಹಂತ್ಯಾಕ ಮೊದಲ ಓಡತೀನಿ ನೋಡವಾ ಈಗ. ಅಳೂದಕ್ಕ ಏನಂಜಿಕಿ?"

ಕೂಸು ಮತ್ತೆ ಕಿರಚಿತು. ಬೆಂಚಿನ ಮೇಲಿದ್ದವರು ಮುಖ ಸಿಂಡರಿಸಿದರು. ಟಾಕಿಯ ಹತ್ತಿರ ಮಲಗಿದ್ದ ನಾಯಿ ಕಿವಿ ನೆಟ್ಟಗೆ ಮಾಡಿ ಈ ಕಡೆ ಒಮ್ಮೆ ನೋಡಿತು, ತಲೆಯನ್ನು ಮತ್ತೆ ಮುಂಗಾಲಿನ ಮೇಲೆ ಇಟ್ಟುಕೊಂಡಿತು. ಗಾಡಿ ಬರುವವರೆಗೆ ನಾನು ಬೆಂಚಿಗೆ ಹೋಗಲಿಲ್ಲ. ಮುದುಕಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಆ ಅಳುವನ್ನು ಕೇಳಿದೆ.